ಪದಚರ್ಚೆ: ಟೋಕಮಾಕ್ ಅಂಚಿನ ಅಯಾನುಗಳದು ನಷ್ಟವೋ, ಸೋರಿಕೆಯೋ, ದಾಟೋ?

ಎಲ್ಲರಿಗೂ ನಮಸ್ಕಾರ. ಮಡಿಕೇರಿಯ ಪಿಯುಸಿ ಮಕ್ಕಳಿಗಾಗಿ ಪರಮಾಣು ಬೀಜಗಳ ಸಮ್ಮಿಲನ (ಫ್ಯೂಷನ್) ಶಕ್ತಿಯ ಬಗ್ಗೆ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ಪ್ಲಾಸ್ಮಾ, ಅಯಾನು, ಕಾಂತಕ್ಷೇತ್ರ ಎಲ್ಲ ಪಠ್ಯಪುಸ್ತಕದಲ್ಲೇ ಇವೆ, ತೊಂದರೆ ಇಲ್ಲ. ಬಿಸಿ ಪ್ಲಾಸ್ಮಾವನ್ನು ಕಾಂತಕ್ಷೇತ್ರದಿಂದ ಹಿಡಿದಿಡುವ ಯಂತ್ರ ಟೋಕಮಾಕ್. ಅದು ರಷ್ಯನ್ ಹೆಸರು, ಹಾಗೇ ಬಿಟ್ಟೆ. ಗಾಂಧಿನಗರದ ಹತ್ತಿರ 1989ರಲ್ಲಿ ಶುರುವಾದ ನಮ್ಮದೇ ಟೋಕಮಾಕ್ ಹೆಸರು 'ಆದಿತ್ಯ'. ಮಕ್ಕಳಿಗೆ ಆದಿತ್ಯ ಅಂದರೆ ಈಗ ಇಸ್ರೋ ನೌಕೆ, ಅದು ಬೇರೆ ಮಾತು. ಪೇಚಾಟ ಇರುವುದು ಪ್ಲಾಸ್ಮಾದ ಅಂಚಿನಲ್ಲಿ. ಅಲ್ಲಿ ಆಗುವ 'ಅಯಾನ್ ಆರ್ಬಿಟ್ ಲಾಸ್'ಗೆ ಕನ್ನಡದಲ್ಲಿ ಏನನ್ನೋಣ?

ಮೊದಲು ಆಗುವುದೇನು ಅಂತ ಹೇಳಿಬಿಡುತ್ತೇನೆ. ಟೋಕಮಾಕ್ ಬಳೆಯಾಕಾರದ ಪಾತ್ರೆ. ಒಳಬದಿಯಲ್ಲಿ ಕಾಂತಕ್ಷೇತ್ರ ಜೋರು, ಹೊರಬದಿಯಲ್ಲಿ ಕಡಿಮೆ. ಅಯಾನು ಕಾಂತರೇಖೆಯನ್ನು ಸುತ್ತಿಕೊಂಡು ಹೋಗುತ್ತದೆ. 2 ಟೆಸ್ಲಾ ಕ್ಷೇತ್ರದಲ್ಲಿ, 1 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಡ್ಯುಟೀರಿಯಂ ಅಯಾನಿನ ಸುತ್ತಿನ ತ್ರಿಜ್ಯ ಸುಮಾರು 3 ಮಿಲಿಮೀಟರ್. ರೇಖೆಯ ಗುಂಟ ವೇಗ ಸಾಲದ ಅಯಾನು ಜೋರು ಕ್ಷೇತ್ರದ ಹತ್ತಿರ ಹೋಗಿ ವಾಪಸ್ ತಿರುಗುತ್ತದೆ. ಈ ನಡುವೆ ಅದು ಮೇಲಕ್ಕೋ ಕೆಳಕ್ಕೋ ನಿಧಾನವಾಗಿ ಜಾರುತ್ತಲೂ ಇರುತ್ತದೆ. ಹಾಗಾಗಿ ಹೋದ ದಾರಿ ಒಂದು, ಬಂದ ದಾರಿ ಇನ್ನೊಂದು. ಪಾತ್ರೆಯನ್ನು ಅಡ್ಡ ಕೊಯ್ದು ನೋಡಿದರೆ ಆ ದಾರಿ ಬಾಳೆಹಣ್ಣಿನ ಆಕಾರ. ಭೌತವಿಜ್ಞಾನಿಗಳೂ ಅದನ್ನು 'ಬನಾನಾ ಆರ್ಬಿಟ್' ಅಂತಲೇ ಕರೆಯುತ್ತಾರೆ. ನಾನು 'ಬಾಳೆಪಥ' ಅಂತ ಬರೆದಿದ್ದೇನೆ. ಅರಿಸಮಾಸ ಅಂತ ಯಾರಾದರೂ ಕೋಲು ಎತ್ತಿದರೆ 'ಬಾಳೆದಾರಿ' ಮಾಡೋಣ ಬಿಡಿ.

ಅಂಚಿನ ಹತ್ತಿರ ಈ ಬಾಳೆಯ ಅಗಲವೇ ಮುಖ್ಯ. ಕಾಂತರೇಖೆಗಳು ತಮ್ಮಲ್ಲೇ ಮುಚ್ಚಿಕೊಳ್ಳುವ ಕೊನೆಯ ಪದರವನ್ನು ಅದು ದಾಟಿತೋ, ಅಯಾನು ತೆರೆದ ರೇಖೆಗಳ ಜಾಗಕ್ಕೆ ಬೀಳುತ್ತದೆ. ಅಲ್ಲಿಂದ, ಹೊರಬಿದ್ದ ಕಣಗಳನ್ನು ತಡೆಯಲು ಇಟ್ಟ ಡೈವರ್ಟರ್ ತಟ್ಟೆಗೆ ಬಡಿದು ಮುಗಿಯಿತು. ಎಲೆಕ್ಟ್ರಾನ್ ಹಗುರ. ಅದೇ ತಾಪಮಾನದಲ್ಲಿ ಅದರ ಬಾಳೆ ಸುಮಾರು 60 ಪಟ್ಟು ಸಣ್ಣ, ಹಾಗಾಗಿ ಒಳಗೇ ಉಳಿಯುತ್ತದೆ. ಧನ ಹೊರಗೆ, ಋಣ ಒಳಗೆ. ಅಂಚಿನಲ್ಲಿ ಒಳಮುಖವಾದ ವಿದ್ಯುತ್ ಕ್ಷೇತ್ರ ಹುಟ್ಟುತ್ತದೆ. ಆ ಕ್ಷೇತ್ರ ಪ್ಲಾಸ್ಮಾದ ಪಕ್ಕಪಕ್ಕದ ಪದರಗಳನ್ನು ಬೇರೆಬೇರೆ ವೇಗದಲ್ಲಿ ಓಡಿಸಿ, ಶಾಖವನ್ನು ಹೊರಗೆ ಒಯ್ಯುವ ಅಲ್ಲಿನ ಸುಳಿಗಳನ್ನು ಹರಿದುಹಾಕುತ್ತದೆ. 1982ರಲ್ಲಿ ಜರ್ಮನಿಯ ಗಾರ್ಶಿಂಗ್‌ನಲ್ಲಿ ಆಸ್ಡೆಕ್ಸ್ ಟೋಕಮಾಕ್ ಇದ್ದಕ್ಕಿದ್ದಂತೆ ಶಾಖವನ್ನು ಚೆನ್ನಾಗಿ ಹಿಡಿದಿಡತೊಡಗಿತಲ್ಲ, ಆ 'ಎಚ್ ಮೋಡ್' ವಿವರಿಸಲು ಕೊಡುವ ಕಾರಣಗಳಲ್ಲಿ ಇದೂ ಒಂದು. ಇದೊಂದೇ ಸಾಕೇ ಅನ್ನುವ ಜಗಳ ಇನ್ನೂ ಇದೆ.

ಈಗ ಪದಕ್ಕೆ ಬರೋಣ. 'ನಷ್ಟ' ಅಂದರೆ ನಮ್ಮೂರಲ್ಲಿ ಕರಿಮೆಣಸಿನ ರೇಟು ಬಿದ್ದ ಸುದ್ದಿ. ಇಲ್ಲಿ ಅಯಾನು ಹೋಗಿದ್ದರಿಂದಲೇ ಲಾಭವೂ ಇರಬಹುದು, ಅಲ್ವಾ? 'ಸೋರಿಕೆ' ನನಗೆ ಇನ್ನೂ ಜಾಸ್ತಿ ಕಿರಿಕಿರಿ. ಸೋರುವುದು ಅಂದರೆ ಆಟಿ ಮಳೆಗೆ ಹಳೆ ಹೆಂಚಿನ ಮನೆ ಸೋರಿದ ಹಾಗೆ, ಎಲ್ಲೆಂದರಲ್ಲಿ, ಹನಿಹನಿಯಾಗಿ. ಸುಳಿಗಳಿಂದ, ಡಿಕ್ಕಿಗಳಿಂದ ಕಣಗಳು ಹೊರಗೆ ಜಿನುಗುವುದಕ್ಕೆ ಆ ಪದ ಸರಿ. ಆದರೆ ಈ ಅಯಾನು ಜಿನುಗುವುದಿಲ್ಲ. ತನ್ನ ಮಾಮೂಲು ದಾರಿಯಲ್ಲೇ ನಡೆದು ಗೆರೆಯಾಚೆ ಹೋಗುತ್ತದೆ. ಅದೂ ಎಲ್ಲ ಅಯಾನುಗಳಲ್ಲ, ಕೆಲವು ವೇಗ, ಕೆಲವು ದಿಕ್ಕಿನವು ಮಾತ್ರ.

ವಿರಾಜಪೇಟೆಯ ಗೆಳೆಯರೊಬ್ಬರು ಆ ಕೊನೆಯ ಪದರಕ್ಕೆ 'ಕಡಂಗ' ಅನ್ನಿ ಅಂದರು. ಕೇಳಲು ಖುಷಿಯೇ. ಆದರೆ ಕಡಂಗ ಅಂದರೆ ಹಿಂದಿನವರು ಬೆಟ್ಟಗಳ ಮೇಲೆ ತೋಡಿದ ಯುದ್ಧಕಂದಕ, ಇಳಿದು ಹತ್ತಬೇಕು. ಇಲ್ಲಿ ತೋಡಿದ್ದೇನೂ ಇಲ್ಲ. ದಾಟುವ ಅಯಾನಿಗೆ ಗೊತ್ತೂ ಆಗುವುದಿಲ್ಲ. ಸುಮ್ನೆ 'ಗೆರೆ' ಸಾಕು ಅನಿಸುತ್ತದೆ.

ಹಾಗಾದರೆ 'ಗೆರೆದಾಟು'? ಮೇಕೆದಾಟು ಇರುವಾಗ 'ದಾಟು' ನಾಮಪದವಾಗಿ ಯಾರಿಗೂ ಹೊಸದಲ್ಲ. ಆದರೆ ಅಲ್ಲಿ ಅದು ಜಾಗದ ಹೆಸರು. ಕ್ರಿಯೆಯ ಹೆಸರಾಗಿ, 'ಅಯಾನುಗಳ ಗೆರೆದಾಟು ಹೆಚ್ಚಿತು' ಅಂದರೆ ನಿಮ್ಮ ಕಿವಿಗೆ ಒಗ್ಗುತ್ತದೆಯೇ? ಇನ್ನೊಂದು: ಪ್ಲಾಸ್ಮಾದಲ್ಲಿ ಕಣ, ಶಾಖ ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವ ಟ್ರಾನ್ಸ್‌ಪೋರ್ಟ್‌ಗೆ 'ಸಾರಿಗೆ' ಬೇಡ, ಕೆಂಪು ಬಸ್ಸು ಕಣ್ಣಮುಂದೆ ಬರುತ್ತದೆ. ಸಸ್ಯಗಳ ಪಾಠದ 'ಸಾಗಾಣಿಕೆ' ಇಟ್ಟುಕೊಳ್ಳಲೇ, 'ಸಾಗಣೆ' ಅಂತ ಚಿಕ್ಕದು ಮಾಡಲೇ?