‘ಸಕ್ಸೆಷನ್’: ಮಕ್ಕಳ ಕೈಯಲ್ಲಿದ್ದ ವೀಟೊ ಅಷ್ಟು ಬೇಗ ಹೋಗಿದ್ದು ಹೇಗೆ? (ಪೂರ್ತಿ ಸ್ಪಾಯ್ಲರ್ ಇದೆ)

ನಡುಮನೆ:
ಮಾಧ್ಯಮ ಕಂಪನಿಯ ಒಡೆಯ ಲೋಗನ್ ಮತ್ತು ಅವನ ಮಕ್ಕಳ ಕಥೆ ಹೇಳುವ ಈ ಟಿವಿ ಸರಣಿಯ ನಾಲ್ಕೂ ಸೀಸನ್ ಮುಗಿಸಿದೆ. ಜಗಳಗಳೆಲ್ಲ ಅರ್ಥವಾದವು, ಆದರೆ ವ್ಯವಹಾರದ ಎರಡು ಗಂಟು ಬಿಚ್ಚಿಕೊಳ್ಳಲೇ ಇಲ್ಲ.

ಒಂದು: ಮೂರನೇ ಸೀಸನ್ನಿನ ಕೊನೆಯ ಕಂತಿನಲ್ಲಿ ಕೆಂಡಾಲ್, ರೋಮನ್, ಶಿವ್ ಮೂವರೂ ಸೇರಿದರೆ ಕಂಪನಿ ಮಾರಾಟ ತಡೆಯಬಹುದು ಅಂತ ಕಾರಿನಲ್ಲಿ ಮಾತಾಡಿಕೊಳ್ಳುತ್ತಾರೆ. ಅಪ್ಪನ ಮುಂದೆ ಹೋಗಿ ನಿಲ್ಲುವಷ್ಟರಲ್ಲಿ ಆ ಅಧಿಕಾರವೇ ಇರುವುದಿಲ್ಲ. ಹೋಗಿದ್ದು ಎಲ್ಲಿಗೆ?

ಎರಡು: ಕಟ್ಟಕಡೆಗೆ ಶಿವ್ ಅಣ್ಣ ಕೆಂಡಾಲ್ ವಿರುದ್ಧ ಮತ ಹಾಕಿದ್ದು ಗಂಡನಿಗೋಸ್ಕರವೇ? ಅವರ ಸಂಸಾರ ಆ ಹೊತ್ತಿಗೆ ಮುರಿದುಬಿದ್ದಿತ್ತಲ್ಲ?

ಲೆಕ್ಕಪತ್ರ:
ಮೊದಲನೆಯದಕ್ಕೆ ಹೇಳುತ್ತೇನೆ. ಆ ವೀಟೊ, ಅಂದರೆ ತಡೆಯುವ ಅಧಿಕಾರ, ಮಕ್ಕಳು ದುಡಿದು ಗಳಿಸಿದ್ದಲ್ಲ, ಅಪ್ಪ ಕೊಟ್ಟಿದ್ದೂ ಅಲ್ಲ. ಲೋಗನ್ ಮತ್ತು ಈ ಮೂವರ ತಾಯಿ ಕ್ಯಾರೊಲಿನ್ ವಿಚ್ಛೇದನದ ಒಪ್ಪಂದದಲ್ಲಿ ಬಂದದ್ದು. ಕಂಪನಿಯ ಹಿಡಿತ ಬೇರೆಯವರ ಕೈಗೆ ಹೋಗಬೇಕಾದರೆ ಕುಟುಂಬದ ಹೋಲ್ಡಿಂಗ್ ಕಂಪನಿಯಲ್ಲಿ (ಮುಖ್ಯ ಕಂಪನಿಯ ಷೇರು ಹಿಡಿದಿರುವ ಕಂಪನಿ) ಬರೀ ಬಹುಮತ ಸಾಲದು, ಅದಕ್ಕಿಂತ ದೊಡ್ಡ ವಿಶೇಷ ಬಹುಮತ ಬೇಕು ಅನ್ನುವ ಷರತ್ತನ್ನು ತಾಯಿ ಮಕ್ಕಳಿಗಾಗಿ ಹಾಕಿಸಿದ್ದಳು. ಮೂವರು ಒಟ್ಟಾಗಿ ‘ಇಲ್ಲ’ ಅಂದರೆ ಆ ಬಹುಮತ ಸಿಗುವುದಿಲ್ಲ. ಇನ್ನೊಬ್ಬ ಮಗ ಕಾನರ್, ಲೋಗನ್‌ನ ಮೊದಲ ಹೆಂಡತಿಯ ಮಗ. ಅದಕ್ಕೇ ಕಾರಿನ ಲೆಕ್ಕದಲ್ಲಿ ಅವನ ಹೆಸರು ಬರುವುದಿಲ್ಲ.

ನಮ್ಮ ಕಾನೂನಿನಲ್ಲೂ ಇದರ ಹತ್ತಿರದ ಒಂದು ವ್ಯವಸ್ಥೆ ಇದೆ. 2013ರ ಕಂಪನಿಗಳ ಕಾಯ್ದೆಯ 114ನೇ ಕಲಂ ಪ್ರಕಾರ ವಿಶೇಷ ನಿರ್ಣಯ ಪಾಸಾಗಲು ಪರವಾದ ಮತ ವಿರುದ್ಧ ಮತದ ಮೂರು ಪಟ್ಟಾದರೂ ಇರಬೇಕು, ಅಂದರೆ ಚಲಾಯಿಸಿದ ಮತಗಳಲ್ಲಿ ಶೇ 75. ಹಾಗಾಗಿ ಶೇ 25ಕ್ಕಿಂತ ತುಸು ಹೆಚ್ಚು ಮತ ಇದ್ದವರು ಕಂಪನಿ ನಡೆಸಲಾಗದಿದ್ದರೂ ಅಂಥ ನಿರ್ಣಯ ನಿಲ್ಲಿಸಬಲ್ಲರು. ಆ ಮೂವರ ಶಕ್ತಿಯೂ ಇದೇ ಬಗೆಯದು, ತಡೆಯಲು ಮಾತ್ರ ಬರುವಂಥದ್ದು.

ಎಡವಿದ್ದು ಎಲ್ಲಿ ಅಂದರೆ, ಒಪ್ಪಂದ ಇದ್ದದ್ದು ಅಪ್ಪ ಅಮ್ಮನ ನಡುವೆ. ಅವರಿಬ್ಬರೂ ಒಪ್ಪಿದರೆ ತಿದ್ದಬಹುದು. ಮಕ್ಕಳ ಯೋಜನೆ ಮೊದಲೇ ಗೊತ್ತಾದ ಕಾರಣ ಅವರು ಬರುವ ಮುಂಚೆಯೇ ಲೋಗನ್ ಕ್ಯಾರೊಲಿನ್ ಜೊತೆ ಮಾತು ಮುಗಿಸಿದ್ದ. ಅವತ್ತೇ ಟಸ್ಕನಿಯಲ್ಲಿ ಅವಳ ಮರುಮದುವೆ ಬೇರೆ. ಮಕ್ಕಳು ಬಂದು ನಿಂತಾಗ ಲೋಗನ್ ಅವಳನ್ನು ಸ್ಪೀಕರ್ ಫೋನಿನಲ್ಲಿ ಮಾತಾಡಿಸುತ್ತಾನೆ, ಅಲ್ಲಿಗೆ ಮುಗಿಯಿತು. ಅಪ್ಪ ಅಮ್ಮ ಬೇರೆಯಾದಾಗ ಹುಟ್ಟಿದ ಹಕ್ಕು ಅಮ್ಮನ ಇನ್ನೊಂದು ಮದುವೆಯ ದಿನ ಸತ್ತಿತು. ಇಡೀ ಸರಣಿಯಲ್ಲಿ ನನಗೆ ಅತಿ ಗಟ್ಟಿ ಅನಿಸುವ ಕಥೆಯ ಹೆಣಿಗೆ ಇದೇ.

ಒಬ್ಬ ವಕೀಲನಿಗೆ ಮೊದಲು ಫೋನ್ ಮಾಡಿ, ಮಂಡಳಿಗೆ ಲಿಖಿತವಾಗಿ ತಿಳಿಸಿ, ಆಮೇಲೆ ಮನೆಯವರಿಗೆ ಹೇಳಿದ್ದರೆ ಲೋಗನ್‌ಗೆ ಅಷ್ಟು ಸಮಯ ಸಿಗುತ್ತಿರಲಿಲ್ಲ. ಶಿವ್ ಮೊದಲು ಫೋನ್ ಮಾಡಿದ್ದು ಗಂಡ ಟಾಮ್‌ಗೆ.

ತೆರೆಮರೆ:
ಆ ಫೋನ್ ಕರೆಯ ವಿಷಯವನ್ನು ಲೋಗನ್‌ಗೆ ಸೋರಿಸಿದ್ದು ಟಾಮ್‌ನ ಆ ಕ್ಷಣದ ದುರ್ಬುದ್ಧಿ ಅಂತ ತುಂಬಾ ಜನ ಬರೆಯುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಸರಣಿ ಬರೆದ ಜೆಸ್ಸಿ ಆರ್ಮ್‌ಸ್ಟ್ರಾಂಗ್ ಮತ್ತು ಬಳಗ ಅದಕ್ಕೆ ಮೂರು ಸೀಸನ್ನುಗಳ ಉದ್ದಕ್ಕೂ ನೆಲ ಹದ ಮಾಡಿದ್ದಾರೆ. ಈ ಕ್ರಮದಲ್ಲಿ ನೋಡಿ.

ಸೀಸನ್ 1, ಕಂತು 10: ಇಂಗ್ಲೆಂಡಿನ ಕೋಟೆಯಲ್ಲಿ ಶಿವ್–ಟಾಮ್ ಮದುವೆ. ಅದೇ ರಾತ್ರಿ ಶಿವ್ ತನಗೆ ಒಬ್ಬನಿಗೇ ಕಟ್ಟುಬಿದ್ದು ಬಾಳಲು ಆಗದು ಅನ್ನುತ್ತಾಳೆ. ಕರಾರು ಬದಲಾಗಿದ್ದು ಸಹಿಯಾದ ಮೇಲೆ, ಅದೂ ಒಬ್ಬರೇ ತೀರ್ಮಾನಿಸಿ. ಟಾಮ್ ಅವಳ ಮೇಲೆ ಸಿಟ್ಟು ತೋರಿಸುವುದಿಲ್ಲ. ಅವಳ ಜೊತೆ ಸಂಬಂಧ ಇದ್ದ ನೇಟ್‌ನನ್ನು ಹಿಡಿದು, ಲೋಟದ ವೈನನ್ನು ಬಾಟಲಿಗೆ ವಾಪಸ್ ಸುರಿಸಿ, ಹೊರಗೆ ಕಳಿಸುತ್ತಾನೆ.

ಸೀಸನ್ 2, ಕಂತು 10: ಕ್ರೂಸ್ ಹಗರಣಕ್ಕೆ (ಕಂಪನಿಯ ಪ್ರವಾಸಿ ಹಡಗುಗಳಲ್ಲಿನ ಅಪರಾಧಗಳನ್ನು ಮುಚ್ಚಿಟ್ಟಿದ್ದು) ಯಾರನ್ನು ಬಲಿ ಕೊಡುವುದು ಅಂತ ಹಡಗಿನಲ್ಲಿ ಚರ್ಚೆ. ಟಾಮ್ ಹೆಸರು ಬಂದಾಗ ಶಿವ್ ಅವನ ಪರ ಗಟ್ಟಿಯಾಗಿ ನಿಲ್ಲುವುದಿಲ್ಲ. ಕಡಲ ದಂಡೆಯಲ್ಲಿ ಟಾಮ್ ಮೊದಲ ಸಲ ತನ್ನ ದುಃಖ ಬಾಯಿಬಿಟ್ಟು ಹೇಳುತ್ತಾನೆ. ಆಮೇಲೆ ಹಡಗಿಗೆ ಬಂದು ಮಾವನ ತಟ್ಟೆಯಿಂದ ಕೋಳಿ ತುಂಡು ತೆಗೆದು ತಿನ್ನುತ್ತಾನೆ. ಟಾಮ್ ಪಾತ್ರದ ಮ್ಯಾಥ್ಯೂ ಮ್ಯಾಕ್‌ಫ್ಯಾಡಿಯನ್ ಅಭಿನಯಕ್ಕೇ ಆ ದೃಶ್ಯ ಮತ್ತೆ ನೋಡಬೇಕು.

ಸೀಸನ್ 3, ಕಂತು 6: ಇದು ಮುಖ್ಯ, ಆದರೆ ಸುಲಭವಾಗಿ ಕಣ್ತಪ್ಪುತ್ತದೆ. ಕೆಂಡಾಲ್ ಒಂದು ಹೋಟೆಲಿನಲ್ಲಿ ಟಾಮ್‌ನನ್ನು ಕೂರಿಸಿಕೊಂಡು ತನ್ನ ಕಡೆ ಬಾ ಅನ್ನುತ್ತಾನೆ. ನೀನು ಸೋತಿದ್ದನ್ನು ಎಷ್ಟೋ ಸಲ ನೋಡಿದ್ದೇನೆ, ಲೋಗನ್ ಸೋತಿದ್ದನ್ನು ಒಮ್ಮೆಯೂ ನೋಡಿಲ್ಲ ಅನ್ನುವ ಅರ್ಥದ ಉತ್ತರ ಕೊಡುತ್ತಾನೆ ಟಾಮ್. ಮೂರು ಕಂತು ಆದಮೇಲೆ ಅವನು ಮಾಡಿದ್ದು ಇದೇ ಲೆಕ್ಕದ ಮೇಲೆ.

ಸೀಸನ್ 3, ಕಂತು 8: ಹಾಸಿಗೆಯಲ್ಲಿ ಆಟದ ನೆಪದಲ್ಲಿ ಶಿವ್ ‘ನಿನ್ನನ್ನು ಪ್ರೀತಿಸುವುದಿಲ್ಲ’ ಅನ್ನುತ್ತಾಳೆ. ಮಾರನೇ ದಿನ ಅದು ಬರೀ ಆಟ ಅಂತ ತಳ್ಳಿಹಾಕುತ್ತಾಳೆ. ಅದರ ಮುಂದಿನ ಕಂತಿನಲ್ಲಿ ಕಾರಿನಿಂದ ಫೋನ್ ಬರುತ್ತದೆ. ಗಂಡನ ಮೇಲೆ ಅವಳಿಗೆ ಪೂರ್ತಿ ನಂಬಿಕೆ, ಯಾಕೆಂದರೆ ಅಲ್ಲಿಯವರೆಗೆ ಅವನು ಎಲ್ಲವನ್ನೂ ನುಂಗಿಕೊಂಡಿದ್ದ. ಕೊನೆಗೆ ಲೋಗನ್ ಅವನ ಭುಜ ತಟ್ಟುವುದು ಶಿವ್ ಕಣ್ಣಿಗೆ ಬೀಳುತ್ತದೆ. ಶಿವ್ ಪಾತ್ರದ ಸಾರಾ ಸ್ನೂಕ್ ಮುಖದಲ್ಲಿ ಒಂದು ಮಾತಿಲ್ಲದೆ ಎಲ್ಲ ಕಾಣುತ್ತದೆ.

ನಡುಮನೆ:
ಆ ಹೋಟೆಲಿನ ಮಾತು ಕೇಳಿಸಿಕೊಂಡಿದ್ದೆ, ಇದಕ್ಕೆ ಜೋಡಿಸಿರಲಿಲ್ಲ. ಧನ್ಯವಾದ. ಹಾಗಾದರೆ ಕೊನೆಯ ಮತ?

ಲೆಕ್ಕಪತ್ರ:
ಮಂಡಳಿಯಲ್ಲಿ 13 ಮತ. ಮ್ಯಾಟ್ಸನ್‌ನ ಗೋಜೋ ಕಂಪನಿಗೆ ಮಾರುವ ಪ್ರಸ್ತಾವದ ಮೇಲೆ 6–6 ಆದಾಗ ಶಿವ್ ಸರದಿ ಬರುತ್ತದೆ, ಅವಳು ಎದ್ದು ಹೋಗುತ್ತಾಳೆ. ಕೊನೆಗೆ 7–6ರಲ್ಲಿ ಮಾರಾಟ ಪಾಸ್. ಇದು ಮಂಡಳಿಯ ಸರಳ ಬಹುಮತದ ಮತ, ಮೇಲೆ ಹೇಳಿದ ವೀಟೊಗೂ ಇದಕ್ಕೂ ಸಂಬಂಧವಿಲ್ಲ. ಎರಡನ್ನೂ ಒಂದೇ ಅಂದುಕೊಂಡರೆ ಗೊಂದಲ ಹೆಚ್ಚುತ್ತದೆ.

ಮೊದಲ ಸೀಸನ್ನಿನ 6ನೇ ಕಂತನ್ನು ಇದರ ಪಕ್ಕ ಇಟ್ಟು ನೋಡಿ. ಅಲ್ಲಿ ಅಪ್ಪನನ್ನು ಇಳಿಸಲು ಕೆಂಡಾಲ್ ಅವಿಶ್ವಾಸ ನಿರ್ಣಯ ತರುತ್ತಾನೆ. ತಾನೇ ಸಭೆಗೆ ತಲುಪದೆ ರಸ್ತೆಯಲ್ಲಿ ಓಡುತ್ತಾ ಫೋನಿನಲ್ಲಿ ಮಾತಾಡುತ್ತಾನೆ. ಲೋಗನ್ ಕೋಣೆ ಬಿಟ್ಟು ಹೋಗಲು ಒಪ್ಪುವುದಿಲ್ಲ. ಅವನು ಎದುರಿಗೇ ಕೂತಿರುವಾಗ ರೋಮನ್ ಕೈ ಎತ್ತುವುದಿಲ್ಲ. ಮಾತು ಕೊಟ್ಟವರನ್ನೆಲ್ಲ ಮತ ಅಂತ ಎಣಿಸಿದ್ದೇ ಕೆಂಡಾಲ್ ತಪ್ಪು. ಕೊನೆಯ ಕಂತಿನಲ್ಲೂ ಅದೇ ತಪ್ಪು: ಹಿಂದಿನ ರಾತ್ರಿ ಅಮ್ಮನ ಮನೆಯ ಅಡುಗೆಮನೆಯಲ್ಲಿ ತಮ್ಮ ತಂಗಿಯಿಂದ ಸಿಕ್ಕ ಒಪ್ಪಿಗೆಯನ್ನು ಅವನು ಖಚಿತ ಮತ ಅಂತ ತಿಳಿದ.

ತೆರೆಮರೆ:
ಗಂಡನಿಗೋಸ್ಕರವೇ ಅನ್ನುವ ಪ್ರಶ್ನೆಗೆ ಬರುತ್ತೇನೆ. ಪ್ರೀತಿಗಾಗಿ ಅಂತ ನನಗೆ ಅನಿಸುವುದಿಲ್ಲ. ನಾಲ್ಕನೇ ಸೀಸನ್ನಿನ 7ನೇ ಕಂತಿನಲ್ಲಿ ಬಾಲ್ಕನಿಯಲ್ಲಿ ಇಬ್ಬರೂ ಇದ್ದಬದ್ದ ಮಾತೆಲ್ಲ ಆಡಿ ಮುಗಿಸುತ್ತಾರೆ. 8ರಲ್ಲಿ ಬಸುರಿ ಅಂತ ಹೇಳಿದಾಗ ಇದೂ ಒಂದು ತಂತ್ರವೇ ಅಂತ ಟಾಮ್ ಕೇಳುತ್ತಾನೆ. ಹೆಂಡತಿಯ ಬಾಯಿಂದ ಬಂದ ಸತ್ಯವನ್ನೂ ವ್ಯವಹಾರದ ಮಾತು ಅಂತ ಅನುಮಾನಿಸುವ ಹಂತಕ್ಕೆ ಆ ಮನೆ ತಲುಪಿತ್ತು.

10ನೇ ಕಂತಿನಲ್ಲಿ ಮ್ಯಾಟ್ಸನ್ ಅಮೆರಿಕದ ಸಿಇಒ ಹುದ್ದೆಯನ್ನು ಶಿವ್ ಕೈತಪ್ಪಿಸಿ ಟಾಮ್‌ಗೆ ಕೊಡುತ್ತಾನೆ. ಆಗ ಅವಳ ಮುಂದೆ ಉಳಿದದ್ದು ಎರಡೇ: ಮಾರಾಟ ನಿಂತರೆ ಅಣ್ಣ ಸಿಇಒ, ನಡೆದರೆ ಗಂಡ ಸಿಇಒ. ಗಾಜಿನ ಕೋಣೆಯಲ್ಲಿ ಅವಳು ಹೇಳುವ ಕಾರಣ ಕೆಂಡಾಲ್ ಬಗ್ಗೆಯೇ, ಟಾಮ್ ಹೆಸರು ಅಲ್ಲಿ ವಾದವಾಗಿ ಬರುವುದಿಲ್ಲ. ಮೊದಲ ಸೀಸನ್ನಿನಲ್ಲಿ ಕೆಂಡಾಲ್ ಓಡಿಸುತ್ತಿದ್ದ ಕಾರು ನೀರಿಗೆ ಬಿದ್ದು ಸತ್ತ ಹುಡುಗನ ವಿಷಯ ಅವಳು ಎತ್ತುತ್ತಾಳೆ. ಹಿಂದೆ ಅತ್ತು ಒಪ್ಪಿಕೊಂಡಿದ್ದನ್ನು ಕೆಂಡಾಲ್ ಅಲ್ಲಿ ನಡೆದೇ ಇಲ್ಲ ಅನ್ನುತ್ತಾನೆ. ಅವಳ ಕೈ ಅವನ ವಿರುದ್ಧ ಹೋಗಲು ಅಷ್ಟು ಸಾಕಾಯಿತು ಅನ್ನುವುದು ನನ್ನ ಓದು.

ಕೊನೆಯ ಕಾರಿನ ದೃಶ್ಯ ನಿಧಾನವಾಗಿ ನೋಡಿ. ಟಾಮ್ ಅಂಗೈ ಮೇಲೆ ಮಾಡಿ ಚಾಚುತ್ತಾನೆ. ಶಿವ್ ತನ್ನ ಕೈಯನ್ನು ಅದರ ಮೇಲೆ ಇಡುತ್ತಾಳೆ, ಹಿಡಿಯುವುದಿಲ್ಲ. ನಾಲ್ಕನೇ ಸೀಸನ್ನಿನ ಮೊದಲ ಕಂತಿನಲ್ಲಿ, ಬೇರೆಯಾಗೋಣ ಅಂತ ತೀರ್ಮಾನಿಸಿದ ರಾತ್ರಿ, ಹಾಸಿಗೆಯ ಮೇಲೆ ಇದೇ ಇಬ್ಬರು ಕೈ ಹಿಡಿದು ಮಲಗಿದ್ದರು.