ಚಂದ್ರನಿಗೆ 50 ಪಿಕ್ಸೆಲ್ ಸಾಕು

ಕೋಲಾರದ ಕ್ಲಾಕ್ ಟವರ್ ಹತ್ತಿರದ ಸ್ಟುಡಿಯೋ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಎರಡು ಟೀ ಮೂರು ಲೋಟಕ್ಕೆ ಹಂಚಿಕೆಯಾಗಿದೆ. ಚರ್ಚೆ ಸೀನನ ತಲೆಯೊಳಗಿನ ಫೋಟೋ ಬಗ್ಗೆ. ಬಿರುಕುಬಿಟ್ಟ ಕೆರೆಯಂಗಳ, ಅದರ ಮೇಲೆ ಗಾಳಿಯಲ್ಲಿ ತೇಲೋ ತೆಪ್ಪ, ತೆಪ್ಪದಲ್ಲಿ ಹುಟ್ಟು ಹಾಕೋ ತಾತ.

“ಮೊದ್ಲು ಒಣಗಿರೋ ಕೆರೆ ಎಲ್ಲೈತೆ ಹೇಳಪ್ಪ,” ಅಂದ ಮುನಿರಾಜು. “2018ರಿಂದ ಕೆ.ಸಿ. ವ್ಯಾಲಿ ಯೋಜನೆಯಾಗೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬಂದು ಎಷ್ಟೋ ಕೆರೆ ತುಂಬ್ಕೊಂಡು ಕೂತವೆ. ಬರಗಾಲದ ಫೋಟೋಗೇ ಬರ ಬಂದೈತೆ.”

“ಗೂಗಲ್‌ನಲ್ಲಿ ಒಂದು ಕೆರೆ ಎತ್ಕೊಂಡ್ರಾಯ್ತು ಬಿಡಣ್ಣ.”

“ಎತ್ಕೊ,” ಅಂದ್ರು ಮಂಜುಳಕ್ಕ. “ಆ ಕೆರೆಗೆ ಬಿಸಿಲು ಎಡದಿಂದ, ನಿನ್ನ ತಾತನಿಗೆ ಬಲದಿಂದ. ಒಂದೇ ಕೆರೆಗೆ ಎರಡೆರಡು ಸೂರ್ಯ ಇಟ್ರೆ ಒಣಗದೆ ಇನ್ನೇನಾಗುತ್ತೆ? ಫೋಟೋ ಹಕ್ಕು ಬೇರೆ ಇನ್ನೊಬ್ಬರದ್ದು. ನೀರಿಳಿದ ಕೆರೆಯಂಚು ಹುಡುಕು, ಹಿಂದೆ ಶತಶೃಂಗ ಬೆಟ್ಟ ಕಾಣ್ಲಿ. ಮೋಡ ಮುಚ್ಚಿದ ದಿನ ಹೋಗು. ಆ ಬೆಳಕಿಗೆ ದಿಕ್ಕು ಕಮ್ಮಿ, ನೆರಳು ಮೆತ್ತಗೆ. ಜೋಡಿಸಿದ್ದು ಕಣ್ಣಿಗೆ ಹೊಡೆಯಲ್ಲ.”

“ತೆಪ್ಪ ಮೂರಡಿ ಮೇಲೆ ತೇಲ್ಬೇಕು, ತಳ ಚೆನ್ನಾಗಿ ಕಾಣ್ಬೇಕು.”

“ಹಂಗಾದ್ರೆ ನಿಂತ್ಕೊಂಡು ತೆಗೀಬೇಡ. ನಿನ್ನ ಕಣ್ಣು ಐದಡಿಯಲ್ಲಿ, ತೆಪ್ಪ ಮೂರಡಿಯಲ್ಲಿ. ಕಾಣೋದು ಅದರ ಒಳಗು. ಕ್ಯಾಮೆರಾನ ಒಂದೂವರೆ ಅಡಿಗೆ ಇಳಿಸು. ಬಯಲಲ್ಲಿ ದಿಗಂತ ಯಾವಾಗ್ಲೂ ಕ್ಯಾಮೆರಾ ಎತ್ತರದಲ್ಲೇ ಬರುತ್ತೆ. ಅದಕ್ಕಿಂತ ಮೇಲಿರೋ ವಸ್ತುವಿನ ತಳ ಕಾಣುತ್ತೆ, ಕೆಳಗಿರೋದರ ಮೇಲ್ಭಾಗ ಕಾಣುತ್ತೆ. ತಾತನ್ನ ಬೇರೆ ಎತ್ತರದಿಂದ ತೆಗೆದು ತಂದು ಕೂರಿಸಿದ್ರೆ ಫೋಟೋಶಾಪ್ ಅಲ್ಲ, ಅದರಪ್ಪ ಬಂದ್ರೂ ಸರಿಹೋಗಲ್ಲ.”

ಮುನಿರಾಜು ಲೋಟ ಕೆಳಗಿಟ್ಟ. “200 ಲೀಟರ್ ಡ್ರಮ್ ಸುಮಾರು ಮೂರಡಿ ಬರ್ತೈತೆ. ಅದರ ಮೇಲೆ ಖಾಲಿ ತೆಪ್ಪ. ಟ್ರೈಪಾಡ್ ಅಲ್ಲಾಡದಂಗೆ ಮೊದ್ಲು ಬರೀ ಕೆರೆ, ಆಮೇಲೆ ಡ್ರಮ್ ಮೇಲಿನ ತೆಪ್ಪ, ಅದನ್ನಿಳಿಸಿ ಅದೇ ಜಾಗದಾಗೆ ಎತ್ತರದ ಸ್ಟೂಲ್ ಮೇಲೆ ತಾತ. ಸೊಂಟದಿಂದ ಕೆಳಕ್ಕೆ ತೆಪ್ಪದ ಅಂಚೇ ಮುಚ್ತೈತೆ. ಡ್ರಮ್ ಮರೆಮಾಡಿದ ತಳಕ್ಕೆ ತೇಪೆ ಹಾಕೋಕೆ ತೆಪ್ಪ ಓರೆ ಮಾಡಿ ಇನ್ನೊಂದು. 35 ಎಂಎಂ ಲೆನ್ಸ್, ಎಫ್ 8, ಐಎಸ್‌ಒ 100. ಫೋಕಸ್, ಎಕ್ಸ್‌ಪೋಶರ್, ವೈಟ್ ಬ್ಯಾಲೆನ್ಸ್ ಎಲ್ಲಾ ಮ್ಯಾನುವಲ್. ಆಟೋದಾಗೆ ಬಿಟ್ರೆ ಒಂದೊಂದು ಶಾಟ್‌ಗೆ ಒಂದೊಂದು ಬಣ್ಣದ ಮಣ್ಣು.”

“ಆಮೇಲೆ ಇರೇಸರ್‌ನಲ್ಲಿ ಡ್ರಮ್ ಅಳಿಸೋದು!”

“ಇರೇಸರ್ ಮುಟ್ಟಿದ್ರೆ ಟೀ ಕಾಸು ನಿಂದೇ,” ಅಂದ್ರು ಮಂಜುಳಕ್ಕ. “ಕೆಳಗೆ ಬರೀ ಕೆರೆ, ಮೇಲೆ ತೆಪ್ಪದ ಲೇಯರ್, ಅದಕ್ಕೊಂದು ಮಾಸ್ಕ್. ಮಾಸ್ಕ್‌ನಲ್ಲಿ ಕಪ್ಪು ಬಳಿದ್ರೆ ಡ್ರಮ್ ಮಾಯ. ಜಾಸ್ತಿ ತಿಂದುಹೋದ್ರೆ ಬಿಳಿ ಬಳಿ, ವಾಪಸ್ ಬರುತ್ತೆ. ತೆಪ್ಪದ ನಿಜವಾದ ನೆರಳು ಹಂಗೇ ಇರ್ಲಿ, ಡ್ರಮ್ ಬುಡದ ಕಪ್ಪು ಮಾತ್ರ ತೆಗಿ. ಅಲ್ಲಿ ತೂತು ಬಿದ್ದಂಗೆ ಕಂಡ್ರೆ ಕೆಳಗಿನದ್ದನ್ನ ಗಾಢ ಮಾಡೋ ಮಲ್ಟಿಪ್ಲೈ ಲೇಯರ್‌ನಲ್ಲಿ ನೆರಳು ಬಳಿ, ಅಂಚು ಮೆತ್ತಗಾಗೋಕೆ 50 ಪಿಕ್ಸೆಲ್ ಗಾಸಿಯನ್ ಬ್ಲರ್, ಓಪಾಸಿಟಿ (ಎಷ್ಟು ದಟ್ಟ ಅನ್ನೋದು) 35ರಿಂದ 40 ಪರ್ಸೆಂಟ್. ಬಣ್ಣ ಅಚ್ಚ ಕಪ್ಪಲ್ಲ. ಬಿರುಕಿನೊಳಗಿನ ಕಂದು ಆರಿಸ್ಕೊ, ಇಲ್ಲಾಂದ್ರೆ ರಸ್ತೆ ಟಾರ್ ಚೆಲ್ಲಿದಂಗಿರುತ್ತೆ.”

“ಇಷ್ಟೆಲ್ಲ ಮೋಸ ಅಲ್ವೇನಕ್ಕ?”

“1857ರಲ್ಲೇ ರೇಯ್ಲಾಂಡರ್ ಅನ್ನೋ ಪುಣ್ಯಾತ್ಮ 30ಕ್ಕೂ ಹೆಚ್ಚು ನೆಗೆಟಿವ್ ಸೇರಿಸಿ ಒಂದೇ ಚಿತ್ರ ಮಾಡಿದ್ದ. ನಿಂದು ನಾಲ್ಕು. ಸುಮ್ನಿರು.”

“ಮೂಡ್ ಬರೋಕೆ ಮಂಜು ಹಾಕಿ ಎಲ್ಲಾ ನೀಲಿ ಮಾಡ್ಬಿಡ್ಲಾ?”

“ಅದೇ ತಪ್ಪು. ಮಂಜಿನಲ್ಲಿ ದೂರದ್ದು ಅಚ್ಚ ಕಪ್ಪಾಗಿರಲ್ಲ, ಬೂದಿಯಾಗುತ್ತೆ. ಬೆಟ್ಟ ಪೂರ್ತಿ ಮಸುಕು, ತೆಪ್ಪ ಅರ್ಧ, ಮುಂದಿನ ಬಿರುಕು ಮಾತ್ರ ಕಡುಗಪ್ಪು. ಬೆಟ್ಟಕ್ಕೆ ಬೇರೆ ಕರ್ವ್ಸ್ (ಕಪ್ಪು-ಬಿಳುಪು ತಿದ್ದೋ ಗೆರೆ) ಹಾಕಿ ಕಪ್ಪಿನ ತುದಿ ಎತ್ತು, ಕಪ್ಪು ಬೂದಿಯಾಗುತ್ತೆ. ಮಂಜಿಗೆ ಆಕಾಶದ್ದೇ ಬಣ್ಣ, ದೊಡ್ಡ ಮೆತ್ತನೆ ಬ್ರಷ್, ಒಂದು ಸಲಕ್ಕೆ 5ರಿಂದ 10 ಪರ್ಸೆಂಟ್. ನೀಲಿ ಕೊನೇಲಿ, ನೆರಳಿಗೆ ಮಾತ್ರ ಚೂರು. ಫೈಲ್ 16 ಬಿಟ್ ಇರ್ಲಿ. 8 ಬಿಟ್‌ನಲ್ಲಿ ಕರ್ವ್ಸ್ ಎಳೆದಷ್ಟೂ ಆಕಾಶದಲ್ಲಿ ಪಟ್ಟೆ ಪಟ್ಟೆ ಏಳುತ್ತೆ.”

“ಬಳಿದ ಮಂಜಿಗೆ ಫೋಟೋದ ಸಣ್ಣ ಚುಕ್ಕೆ, ಅದೇ ಗ್ರೇನ್, ಇರಲ್ಲ, ಅಲ್ಲೇ ಸಿಕ್ಕಿಬೀಳೋದು,” ಅಂದ ಮುನಿರಾಜು. “ಎಲ್ಲದರ ಮೇಲೆ 50 ಪರ್ಸೆಂಟ್ ಗ್ರೇ ಲೇಯರ್, ಓವರ್‌ಲೇ, ಅದಕ್ಕೆ 3 ಪರ್ಸೆಂಟ್ ಮಾನೋಕ್ರೋಮ್ ನಾಯ್ಸ್. ಬೂದಿ ಕಾಣಲ್ಲ, ಚುಕ್ಕೆ ಮಾತ್ರ ಕಾಣ್ತವೆ. ತಾತಪ್ಪನಿಗೂ ಮಂಜಿಗೂ ಒಂದೇ ಗ್ರೇನ್.”

ಸೀನ ತಡಕೊಳ್ಳಲಿಲ್ಲ. “ಹಿಂದೆ ಒಂದು ದೊಡ್ಡ ಚಂದ್ರ?”

ಅದಕ್ಕೆ ಮಂಜುಳಕ್ಕ, “12×18 ಇಂಚಿನ ಪ್ರಿಂಟ್‌ಗೆ ಇಂಚಿಗೆ 300ರಂತೆ 5400 ಪಿಕ್ಸೆಲ್ ಅಗಲ. 35 ಎಂಎಂನಲ್ಲಿ ಚಂದ್ರ ಬರೋದು 50 ಪಿಕ್ಸೆಲ್ ಆಸುಪಾಸು. ನೀನಿಡೋದು ಸಾವಿರದ್ದು. ಮೋಡ ಮುಚ್ಚಿದ ದಿನ ಅಂತ ಒಪ್ಕೊಂಡ್ಯಲ್ಲ, ಆ ಚಂದ್ರ ಮೋಡದ ಈಚೆ ನೇತಾಡ್ತಾನಾ?”

“ಕಾಗೆ? ಮಿಂಚು?”

“ತೆಪ್ಪ ತೇಲೋದೇ ಒಂದು ಸುಳ್ಳು. ಮಿಕ್ಕಿದ್ದೆಲ್ಲ ಸತ್ಯ ಇದ್ರೇನೇ ಅದನ್ನ ನಂಬೋದು. ಪ್ರಿಂಟ್‌ಗೆ ಕೊಡೋ ಮುಂಚೆ ಮಾನಿಟರ್ ಬ್ರೈಟ್‌ನೆಸ್ ಇಳಿಸಿ ನೋಡು, ಇಂಥ ಮಬ್ಬು ಚಿತ್ರ ಕಾಗದದ ಮೇಲೆ ಇನ್ನೂ ಕಪ್ಪಾಗುತ್ತೆ. ಒಂದು 4×6 ಮೊದ್ಲು ಹಾಕ್ಸು.”

“ಎಲ್ಲಾ ಸರಿ, ತಾತ ಯಾರಾಗೋದು?”

ಇಬ್ಬರೂ ಮುನಿರಾಜು ಗಡ್ಡ ನೋಡಿದರು.

“ಲೇ, ನೆನ್ನೆ ತಾನೆ ಡೈ ಹಾಕ್ಸೀನಿ!”

“ಅದಕ್ಕೇನಣ್ಣ, ಗಡ್ಡಕ್ಕೊಂದು ಮಾಸ್ಕ್, ಅದಕ್ಕೊಂದು ಕರ್ವ್ಸ್. ಕಪ್ಪಿನ ತುದಿ ಎತ್ತಿದ್ರಾಯ್ತು.”