‘ಕೊಬ್ಬು ಕರಗುವುದು’: ಲೈಪಾಲಿಸಿಸ್‌ಗೆ ಈ ಮಾತು ಒಪ್ಪುವುದೇ?

ಮಾನ್ಯರೇ,

ರಾಯಚೂರು ಜಿಲ್ಲೆಯ ಸಿಂಧನೂರು ಭಾಗದ ಸಕ್ಕರೆ ಕಾಯಿಲೆಯವರಿಗಾಗಿ, ಇನ್ಸುಲಿನ್ ಮೈಯಲ್ಲಿ ಏನೇನು ಕೆಲಸ ಮಾಡುತ್ತದೆ ಎಂದು ತಿಳಿಸುವ ಕಿರುಹೊತ್ತಿಗೆಯೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಕೊಬ್ಬಿನ ಅಂಗಾಂಶವನ್ನು ಕುರಿತ ಭಾಗಕ್ಕೆ ‘ಕರಗು’ ಎಂಬ ಕ್ರಿಯಾಪದವನ್ನು ಬಳಸಬಹುದೇ ಎಂಬುದು ನನ್ನ ಪ್ರಶ್ನೆ.

ಮೊದಲು ವಿಷಯ. ಕೊಬ್ಬಿನ ಕೋಶದಲ್ಲಿ ಟ್ರೈಗ್ಲಿಸರೈಡ್ ರೂಪದಲ್ಲಿ ಕೂಡಿಟ್ಟ ಕೊಬ್ಬನ್ನು ಲೈಪೇಸ್ ಕಿಣ್ವಗಳು ಒಡೆದಾಗ ಒಂದು ಗ್ಲಿಸರಾಲ್ ಮತ್ತು ಮೂರು ಮೇದಾಮ್ಲಗಳು (ಫ್ಯಾಟಿ ಆಸಿಡ್) ಬಿಡಿಯಾಗುತ್ತವೆ. ಇದೇ ಲೈಪಾಲಿಸಿಸ್. ಉಪವಾಸವಿದ್ದಾಗ, ಮೈಮುರಿದು ದುಡಿದಾಗ, ಗಾಬರಿಯಾದಾಗ ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ಹಾರ್ಮೋನುಗಳು ಈ ಕೆಲಸವನ್ನು ಚುರುಕುಗೊಳಿಸುತ್ತವೆ. ಉಂಡ ಮೇಲೆ ಏರುವ ಇನ್ಸುಲಿನ್ ಅದನ್ನು ತಡೆಯುವುದಲ್ಲದೆ, ರಕ್ತದಲ್ಲಿರುವ ಕೊಬ್ಬು ಕೋಶದೊಳಗೆ ಸೇರುವುದಕ್ಕೂ ನೆರವಾಗುತ್ತದೆ. ಬಿಡಿಯಾದ ಮೇದಾಮ್ಲಗಳು ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಸ್ನಾಯು, ಹೃದಯ, ಯಕೃತ್ತುಗಳಿಗೆ ಸಾಗುತ್ತವೆ. ಅಲ್ಲಿ ಅವು ಶಕ್ತಿಗಾಗಿ ಬಳಕೆಯಾಗಬಹುದು, ಬಳಕೆಯಾಗದೆ ಉಳಿದವು ಮತ್ತೆ ಕೊಬ್ಬಾಗಿ ಕೂಡಿಕೊಳ್ಳಲೂಬಹುದು. ಕೋಶದಿಂದ ಹೊರಬೀಳುವುದು ಬೇರೆ, ಬಳಕೆಯಾಗಿ ತೀರುವುದು ಬೇರೆ. ‘ಕೊಬ್ಬು ಕರಗಿತು’ ಎಂದಾಗ ಇವೆರಡೂ ಒಂದೇ ಆಗಿಬಿಡುತ್ತವೆ.

ಇದು ಬರಿಯ ಪದದ ತಕರಾರಲ್ಲ. ‘ಇನ್ಸುಲಿನ್ ಕೊಬ್ಬು ಕರಗದಂತೆ ತಡೆಯುತ್ತದೆ’ ಎಂಬ ವಾಕ್ಯವನ್ನು ಓದಿದ ರೋಗಿಯೊಬ್ಬರು, ‘ಹಂಗಾದ್ರ ಇನ್ಸುಲಿನ್ ತಗೋಬಾರದೇನ್ರಿ?’ ಎಂದು ಕೇಳಿದರು. ಅವರ ಪ್ರಶ್ನೆ ಸಹಜವಾದದ್ದೇ, ಏಕೆಂದರೆ ಜಾಹೀರಾತುಗಳಲ್ಲಿ ಕೊಬ್ಬು ಕರಗುವುದು ಯಾವಾಗಲೂ ಒಳ್ಳೆಯದೇ. ಆದರೆ ಇದೇ ಸೀಮೆಯ ಜನ ‘ಶುಗರ್ ಬಂದು ಮೈಯೆಲ್ಲಾ ಕರಗಿ ಹೋಗ್ಯಾದ’ ಎಂದೂ ಅನ್ನುತ್ತಾರೆ, ಮತ್ತು ನನಗೆ ಕಾಣುವಂತೆ ವಿಜ್ಞಾನಕ್ಕೆ ಹತ್ತಿರವಾದದ್ದು ಈ ಮಾತೇ. ಟೈಪ್ 1 ಮಧುಮೇಹದಲ್ಲಿ ಇನ್ಸುಲಿನ್ ಇಲ್ಲವೆನ್ನುವಷ್ಟು ಕಡಿಮೆಯಾಗುವುದರಿಂದ ಕೊಬ್ಬು ಒಡೆಯುವುದಕ್ಕೆ ತಡೆಯೇ ಇಲ್ಲದಂತಾಗಿ, ಯಕೃತ್ತಿಗೆ ಮಿತಿಮೀರಿ ಹರಿದುಬಂದ ಮೇದಾಮ್ಲಗಳು ಕೀಟೋನುಗಳೆಂಬ ಆಮ್ಲಗುಣದ ವಸ್ತುಗಳಾಗುತ್ತವೆ. ಅವು ಹೆಚ್ಚಿ ರಕ್ತ ಆಮ್ಲೀಯವಾದರೆ ಜೀವಕ್ಕೇ ಅಪಾಯ. 1922ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಚಿಕಿತ್ಸೆ ಆರಂಭವಾಗುವ ಮೊದಲು ಈ ಕಾಯಿಲೆಯ ಮಕ್ಕಳು ಹೀಗೆ ಸವೆದು ಸವೆದೇ ತೀರಿಕೊಳ್ಳುತ್ತಿದ್ದರು.

ಇನ್ಸುಲಿನ್ ಕೊಬ್ಬನ್ನು ಕೂಡಿಡುತ್ತದೆ ಎಂಬುದನ್ನು ಕೈಯಿಂದ ಮುಟ್ಟಿಯೇ ತಿಳಿಯಬಹುದು. ಹೊಟ್ಟೆಯ ಒಂದೇ ಜಾಗಕ್ಕೆ ಬಹಳ ಕಾಲ ಚುಚ್ಚಿಕೊಂಡವರಲ್ಲಿ ಚರ್ಮದಡಿ ಮೆತ್ತಗಿನ ಉಬ್ಬು ಏಳುತ್ತದೆ. ಅಲ್ಲಿ ನೋವು ಕಡಿಮೆಯೆಂದು ಮತ್ತೆ ಅಲ್ಲೇ ಚುಚ್ಚಿಕೊಂಡರೆ ಔಷಧ ಒಮ್ಮೆ ಹೀರಿಕೊಂಡಂತೆ ಇನ್ನೊಮ್ಮೆ ಹೀರಿಕೊಳ್ಳುವುದಿಲ್ಲ. ಇದಕ್ಕೆ ಇಲ್ಲಿ ಎಲ್ಲರೂ ‘ಗಂಟು’ ಎನ್ನುತ್ತಾರೆ. ಆ ಪದವನ್ನೇ ಉಳಿಸಿಕೊಂಡು, ಚುಚ್ಚುವ ಜಾಗ ಬದಲಿಸುತ್ತಿರಬೇಕೆಂದು ಬರೆದಿದ್ದೇನೆ.

ಹಾಗಾಗಿ ಕೋಶದೊಳಗಿನ ಕ್ರಿಯೆಗೆ ‘ಒಡೆಯುವುದು’ ಎಂದೂ, ಮೇದಾಮ್ಲಗಳು ರಕ್ತಕ್ಕೆ ಬರುವುದಕ್ಕೆ ‘ಬಿಡುಗಡೆ’ ಎಂದೂ ಇಟ್ಟುಕೊಂಡಿದ್ದೇನೆ. ತೊಡಕಿರುವುದು ಅವು ಬಳಕೆಯಾಗಿ ತೀರುವ ಕೊನೆಯ ಹಂತದಲ್ಲಿ. ‘ಉರಿಯುವುದು’ ಎಂದು ಬರೆಯೋಣವೆಂದರೆ, ಅಂಗಾಲು ಉರಿಯಿಂದ ರಾತ್ರಿ ನಿದ್ದೆಗೆಟ್ಟ ಸಕ್ಕರೆ ಕಾಯಿಲೆಯವರಿಗೆ ಆ ಪದ ಮೊದಲು ತರುವ ಅರ್ಥವೇ ಬೇರೆ. ‘ದಹನ’ ಶಾಲೆಯ ಪುಸ್ತಕದ ಮಾತಾಗುತ್ತದೆ. ‘ಖರ್ಚಾಗುವುದು’ ಎಂದರೆ ಇಲ್ಲಿನ ಎಲ್ಲರಿಗೂ ಒಮ್ಮೆಗೇ ತಿಳಿಯುತ್ತದೆ, ಕೂಡಿಡುವುದಕ್ಕೆ ಎದುರಾಗಿಯೂ ಚೆನ್ನಾಗಿ ನಿಲ್ಲುತ್ತದೆ. ವೈದ್ಯಕೀಯ ಬರಹದಲ್ಲಿ ಇದು ಹಗುರವೆನಿಸುವುದೇ, ಅಥವಾ ಇದಕ್ಕಿಂತ ತಕ್ಕ ಪದವೊಂದು ಬಳ್ಳಾರಿ, ಕೊಪ್ಪಳ ಕಡೆಯ ಆಡುಮಾತಿನಲ್ಲಿ ಇದೆಯೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.